ತಿಂಡಿಡಬ್ಬಿಯ ಕಡಲೆಬೀಜ ಮತ್ತು ಬೂಷ್ಟಿನ ವಿಷ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಸಾದರ ನಮಸ್ಕಾರಗಳು.

ಮಕ್ಕಳು ತರುವ ತಿಂಡಿಡಬ್ಬಿಗಳ ಪೈಕಿ ಕೆಲವದರಲ್ಲಿ ಮುರುಟಿಕೊಂಡ, ಸಿಪ್ಪೆಯ ಮೇಲೆ ಹಳದಿ ಮಿಶ್ರಿತ ಹಸಿರು ಪುಡಿ ಕೂತಿದ್ದ ಕಡಲೆಬೀಜಗಳು ಕಂಡುಬಂದಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ. ಯಾರನ್ನೂ ದೂರುವ ಉದ್ದೇಶ ಇದರಲ್ಲಿಲ್ಲ. ತೊಳೆದು ಹುರಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ತಿಳಿವಳಿಕೆ ಅನೇಕರಲ್ಲಿದೆ, ಅದು ಸರಿಯಲ್ಲ.

ಆಸ್ಪರ್ಜಿಲಸ್ ಜಾತಿಯ ಕೆಲವು ಶಿಲೀಂಧ್ರಗಳು, ಅಂದರೆ ಬೂಷ್ಟುಗಳು, ಸರಿಯಾಗಿ ಒಣಗದ ಅಥವಾ ತೇವ ತಗುಲಿದ ಕಡಲೆಕಾಯಿ, ಮೆಕ್ಕೆಜೋಳ, ಒಣಮೆಣಸಿನಕಾಯಿಗಳ ಮೇಲೆ ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತವೆ. ಒಲೆಯ ಶಾಖಕ್ಕೆ ಬೂಷ್ಟು ಸಾಯುತ್ತದೆ, ವಿಷ ಮಾತ್ರ ಪೂರ್ತಿ ನಾಶವಾಗುವುದಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತು, ಅವುಗಳ ಮೇವಿನಲ್ಲಿದ್ದ ಕಡಲೆಕಾಯಿ ಹಿಂಡಿಯನ್ನು ಪರೀಕ್ಷಿಸಿದಾಗಲೇ ಈ ವಿಷದ ಪತ್ತೆಯಾದದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾಗಿರುವ ಮೊದಲ ಗುಂಪಿನಲ್ಲಿ ಸೇರಿಸಿದೆ.

ದೇಹಕ್ಕೆ ಸೇರಿದ ಅಫ್ಲಾಟಾಕ್ಸಿನ್ ಅನ್ನು ಹೊರಹಾಕಲು ಯಕೃತ್ತಿನ ಕಿಣ್ವಗಳು ಅದನ್ನು ಮಾರ್ಪಡಿಸುವಾಗ, ಮೂಲಕ್ಕಿಂತ ಉಗ್ರವಾದ ಒಂದು ರೂಪ ಹುಟ್ಟಿ, ಜೀವಕೋಶದ ಡಿಎನ್‌ಎಗೆ ಅಂಟಿಕೊಂಡು, ಗೆಡ್ಡೆ ಬೆಳೆಯದಂತೆ ತಡೆಯುವ ಪಿ53 ವಂಶವಾಹಿಯನ್ನೇ ಕೆಡಿಸಬಲ್ಲದು. ಹೆಪಟೈಟಿಸ್ ಬಿ ಸೋಂಕು ದೀರ್ಘಕಾಲದಿಂದ ಇರುವವರಲ್ಲಿ ಯಕೃತ್ತಿನ ಕ್ಯಾನ್ಸರ್‌ನ ಅಪಾಯವನ್ನು ಈ ವಿಷ ಹಲವು ಪಟ್ಟು ಹೆಚ್ಚಿಸುತ್ತದೆ. ಆದ್ದರಿಂದ ನಿಮ್ಮ ಮಗುವಿಗೆ ಹೆಪಟೈಟಿಸ್ ಬಿ ಲಸಿಕೆಯ ಎಲ್ಲ ಡೋಸ್‌ಗಳೂ ಆಗಿವೆಯೇ ಎಂದು ಲಸಿಕೆ ಕಾರ್ಡನ್ನು ದಯವಿಟ್ಟು ಒಮ್ಮೆ ತೆಗೆದು ನೋಡಿ.

ಒಂದು ಕೆಟ್ಟ ಬೀಜ ತಿಂದ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ. ಕ್ಯಾನ್ಸರ್‌ನ ಭಯ ಇರುವುದು ವರ್ಷಗಟ್ಟಲೆ ಸ್ವಲ್ಪಸ್ವಲ್ಪವಾಗಿ ಹೊಟ್ಟೆ ಸೇರುವುದರಿಂದ. ಕಡಲೆಬೀಜ ಕೊಡುವುದನ್ನೇ ನಿಲ್ಲಿಸಿಬಿಡುವುದೂ ನನಗೆ ಸರಿಕಾಣುವುದಿಲ್ಲ, ಬೆಳೆಯುವ ಮಕ್ಕಳಿಗೆ ಅದು ಒಳ್ಳೆಯ ಆಹಾರ. ಒಂದು ರಾಶಿಯಲ್ಲಿ ವಿಷವು ಸಾಮಾನ್ಯವಾಗಿ ಕೆಲವೇ ಬೀಜಗಳಲ್ಲಿ ತುಂಬಿಕೊಂಡಿರುವುದರಿಂದ, ಹುರಿಯುವ ಮೊದಲು ತಟ್ಟೆಯಲ್ಲಿ ಹರಡಿ, ಮುರುಟಿದ, ಬಣ್ಣಗೆಟ್ಟ, ಒಡೆದ ಬೀಜಗಳನ್ನು ಆರಿಸಿ ತೆಗೆಯುವುದು ನಿಜಕ್ಕೂ ಉಪಯುಕ್ತ. ಆದರೆ ಬೂಷ್ಟಿನ ವಾಸನೆ ಬರುತ್ತಿದ್ದರೆ ಆರಿಸುತ್ತಾ ಕೂರದೆ ಎಲ್ಲವನ್ನೂ ಎಸೆಯಿರಿ, ಜಾನುವಾರುಗಳಿಗೂ ಹಾಕಬೇಡಿ. ಹಸು ತಿಂದ ವಿಷದ ಒಂದಂಶ ಹಾಲಿನಲ್ಲಿ ಮರಳಿ ಬರುತ್ತದೆ. ಆರಿಸಿದ ಮೇಲೆ ಉಳಿದ ಒಳ್ಳೆಯ ಬೀಜಗಳನ್ನು ಚೆನ್ನಾಗಿ ಒಣಗಿಸಿ, ತೇವವಿಲ್ಲದ ಡಬ್ಬಿಯಲ್ಲಿ ಇಡಿ.

ಕಹಿಯಾದ ಬೀಜವನ್ನು ನುಂಗದೆ ಉಗುಳಬೇಕೆಂದು ತರಗತಿಗಳಲ್ಲಿ ಮಕ್ಕಳಿಗೆ ಹೇಳಿದ್ದೇವೆ. ಡಬ್ಬಿಯಲ್ಲಿ ಕೆಟ್ಟ ಬೀಜ ಕಂಡರೆ ಶಿಕ್ಷಕರು ಅದನ್ನು ತೆಗೆದುಹಾಕಿ ನಿಮಗೆ ಚೀಟಿ ಬರೆದು ಕಳುಹಿಸುತ್ತಾರೆ. ಅದಕ್ಕಾಗಿ ಮಗುವನ್ನು ಗದರಬೇಡಿರೆಂದು ವಿನಂತಿ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು