ಲೆಕ್ಕಕ್ಕೆ ಸಿಗದ ಅಪ್ಪ

ಸ್ಯಾಕ್ರಮೆಂಟೊ, ಕ್ಯಾಲಿಫೋರ್ನಿಯಾ
8 ಡಿಸೆಂಬರ್ 2024

ಪ್ರಿಯ ಶ್ರೀಧರ,

ಮುಂದಿನ ವರ್ಷದ ಸಿಇಟಿಗೆ ಬೇಕಾಗುತ್ತದೆಂದು ಮಗನ ಜಾತಿ ಪ್ರಮಾಣಪತ್ರ ಮಾಡಿಸಲು ನಾಡಕಚೇರಿಗೆ ಹೋದಾಗ, ‘ತಂದೆಯ ಜಾತಿ ಬರೆಯಲೋ, ತಾಯಿಯ ಜಾತಿಯೋ’ ಎಂದು ಅಲ್ಲಿಯವರು ಕೇಳಿದರೆಂದೂ, ಇಪ್ಪತ್ತು ವರ್ಷ ಸಂಸಾರ ಮಾಡಿದ ಮೇಲೆ ಮೊದಲ ಸಲ ನೀವಿಬ್ಬರೂ ಮುಖಮುಖ ನೋಡಿಕೊಂಡಿರೆಂದೂ ಬರೆದಿದ್ದೆ. ಅದನ್ನು ಓದಿದ ವಾರವೇ ನಮ್ಮ ಮನೆಗೂ ಅಂಥದೊಂದು ನಮೂನೆ ಬಂದು ಕುಳಿತದ್ದರಿಂದ ನಿನಗೆ ಉತ್ತರ ಬರೆಯುವುದು ತಡವಾಯಿತು. ಮಗಳಿಗೆ ಇದು ಹನ್ನೆರಡನೆಯ ತರಗತಿ, ಕಾಲೇಜುಗಳಿಗೆ ಅರ್ಜಿ ಹಾಕುವ ಕಾಲ.

ಇಲ್ಲಿ ಸಾವಿರಕ್ಕೂ ಹೆಚ್ಚು ಕಾಲೇಜುಗಳಿಗೆ ಕಾಮನ್ ಆ್ಯಪ್ ಎಂಬ ಒಂದೇ ಅರ್ಜಿಯಲ್ಲಿ ವಿವರ ತುಂಬಬಹುದು. ಅದರಲ್ಲಿ ಮೊದಲು, ನೀನು ಹಿಸ್ಪಾನಿಕ್ ಅಥವಾ ಲ್ಯಾಟಿನೊ, ಅಂದರೆ ಮೆಕ್ಸಿಕೊದಂಥ ಸ್ಪ್ಯಾನಿಷ್ ನಾಡುಗಳ ಮೂಲದವಳು, ಹೌದೋ ಅಲ್ಲವೋ ಎಂದು ಕೇಳುತ್ತಾರೆ. ಆ ಉತ್ತರ ಏನೇ ಇರಲಿ, ಅಮೆರಿಕನ್ ಇಂಡಿಯನ್ (ಇಲ್ಲಿಯ ಮೂಲನಿವಾಸಿಗಳು), ಏಷ್ಯನ್, ಕಪ್ಪು, ಹವಾಯಿ ಮತ್ತು ಪೆಸಿಫಿಕ್ ದ್ವೀಪದವರು, ಬಿಳಿಯರು ಎಂಬ ಐದು ಜನಾಂಗಗಳಲ್ಲಿ ಒಂದನ್ನೋ ಹೆಚ್ಚನ್ನೋ ಟಿಕ್ ಮಾಡು ಎನ್ನುತ್ತಾರೆ. ಉತ್ತರಿಸಲೇಬೇಕೆಂಬ ಕಡ್ಡಾಯವಿಲ್ಲ. ನಿನ್ನ ನಾಡಕಚೇರಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ, ಈ ಪ್ರಶ್ನೆಗೆ ತಹಶೀಲ್ದಾರರ ಸಹಿಯೂ ಬೇಡ, ಆರ್‌ಡಿ ನಂಬರೂ ಬೇಡ. ನೀನು ಏನೆಂದು ಹೇಳಿಕೊಳ್ಳುತ್ತೀಯೋ ಅದೇ ನೀನು. ಕೇಳಲು ಹಗುರವಾಗಿದೆ, ಹದಿನೇಳು ವರ್ಷದ ಹುಡುಗಿಗೆ ಅದು ಹಗುರವಾಗಿರಲಿಲ್ಲ.

ನಿನಗೆ ಗೊತ್ತಿರುವಂತೆ ನನ್ನ ಹೆಂಡತಿಯ ಅಜ್ಜ ಮೆಕ್ಸಿಕೊದಿಂದ ಹಣ್ಣಿನ ತೋಟಗಳ ಕೂಲಿಗೆ ಬಂದವರು. ಮಗಳು ಮೊದಲ ಪ್ರಶ್ನೆಗೆ ಹೌದು ಎಂದು ಗುರುತು ಹಾಕಿ, ಎರಡನೆಯದರ ಹತ್ತಿರ ನಿಂತು, ‘ಅಮ್ಮ, ಈ ಐದರಲ್ಲಿ ನೀನು ಯಾರು’ ಎಂದು ಕೇಳಿದಳು. ಮೆಕ್ಸಿಕೊದಲ್ಲಿ ಸ್ಥಳೀಯ ಮೂಲದವರೂ ಸ್ಪೇನಿನವರೂ ಬೆರೆತ ಜನರನ್ನು ಮೆಸ್ತಿಸೊ ಎನ್ನುತ್ತಾರೆ; ಆ ಹೆಸರಿಗೆ ಇಲ್ಲಿ ಚೌಕವಿಲ್ಲ. ಬಿಳಿಯಳೆಂದರೆ ನನ್ನ ಹೆಂಡತಿಗೇ ನಗು ಬರುತ್ತದೆ, ಅಮೆರಿಕನ್ ಇಂಡಿಯನ್ ಎಂದರೆ ಯಾವ ಬುಡಕಟ್ಟಿನಲ್ಲಿ ನೋಂದಾಯಿಸಿದ್ದೀರಿ ಎಂಬ ಮುಂದಿನ ಪ್ರಶ್ನೆ ಏಳುತ್ತದೆ. ಜನಗಣತಿಯಲ್ಲಾದರೆ ‘ಇತರ ಜನಾಂಗ’ ಎಂದು ಬರೆದು ಪಾರಾಗಬಹುದು, ಈ ಅರ್ಜಿಯಲ್ಲಿ ಆ ದಾರಿಯೂ ಇಲ್ಲ. ‘ನನ್ನ ಪಾಲಿನದನ್ನು ಖಾಲಿ ಬಿಡು’ ಎಂದು ಹೇಳಿ ಅವಳು ಎದ್ದು ಹೋದಳು.

ಉಳಿದದ್ದು ನನ್ನ ಪಾಲು. ಮಗಳು ಆಗ ಕೇಳಿದ ಪ್ರಶ್ನೆ ನನಗಿನ್ನೂ ಕಿವಿಯಲ್ಲಿದೆ. ತಾಯಿಯ ತಾಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ವೈದ್ಯರಿಗೂ ಅಜ್ಜಿಗೂ ನಡುವೆ ಸ್ಪ್ಯಾನಿಷ್‌ನಲ್ಲಿ ದುಭಾಷಿಯಾಗುವವಳು ಅವಳೇ. ತಿಪಟೂರಿನ ನನ್ನ ಅಮ್ಮನ ಜೊತೆ ಫೋನಿನಲ್ಲಿ ಆಡಲು ಅವಳಿಗಿರುವುದು ‘ಅಜ್ಜಿ, ಊಟ ಆಯ್ತಾ’ ಎಂಬುದೊಂದೇ, ಅದಕ್ಕೆ ಅಮ್ಮ ಹೇಳುವ ಉದ್ದನೆಯ ಉತ್ತರ ಅವಳಿಗೆ ತಿಳಿಯುವುದಿಲ್ಲ. ‘ಅಷ್ಟೂ ಅರ್ಥವಾಗದವಳು ಏಷ್ಯನ್ ಎಂದು ಟಿಕ್ ಮಾಡಿದರೆ ಸುಳ್ಳಾಗುವುದಿಲ್ಲವೇ ಅಪ್ಪ’ ಎಂದಳು.

ತಂದೆಯಾದವನು ಅಲ್ಲಿ ಹೇಳಬೇಕಾದ ಮಾತು ಬಹಳವಿತ್ತು. ನಾನು ಹೇಳಿದ್ದು, ‘ಹಾಗಾದರೆ ಬಿಟ್ಟುಬಿಡು, ಅದೇ ಒಳ್ಳೆಯದು’ ಎಂದು. ಅವಳ ಸಂಕೋಚದ ಬಗ್ಗೆ ಮರುಕದಿಂದ ಹೇಳಿದ್ದಲ್ಲ. ಏಷ್ಯನ್ ಮಕ್ಕಳಿಗೆ ದೊಡ್ಡ ಕಾಲೇಜುಗಳಲ್ಲಿ ತಕ್ಕಡಿ ಬೇರೆಯೇ ಇರುತ್ತದೆ, ಬೆರಕೆ ಮಕ್ಕಳು ಆ ಒಂದು ಚೌಕವನ್ನು ಮಾತ್ರ ಮುಟ್ಟಬಾರದು ಎಂದು ನಮ್ಮ ಸಂಘದ ಯುಗಾದಿ ಊಟದ ಪಂಕ್ತಿಯಲ್ಲಿ ಹತ್ತು ವರ್ಷಗಳಿಂದ ಕೇಳಿದ ಮಾತು ನನ್ನ ತಲೆಯಲ್ಲಿ ಕೂತಿತ್ತು. ಶುಲ್ಕ ತೆತ್ತು ಸಲಹೆ ಪಡೆದ ಖಾಸಗಿ ಕೌನ್ಸೆಲರ್ ಒಬ್ಬರೂ ಅದನ್ನೇ ಇನ್ನಷ್ಟು ನಯವಾಗಿ ಹೇಳಿದ್ದರು. ಮಗಳು ತಾನು ಯಾರೆಂದು ಕೇಳಿದಾಗ ನಾನು ಮಂಡಿಯ ದಲಾಲಿಯಂತೆ ಧಾರಣೆ ಹೇಳಿದೆ. ಅವಳು ಏನೂ ಅನ್ನದೆ ಲ್ಯಾಪ್‌ಟಾಪ್ ಮುಚ್ಚಿದಳು.

ಆ ಲೆಕ್ಕಾಚಾರ ಅವಧಿ ಮುಗಿದದ್ದು ಎನ್ನುವುದು ನನಗೆ ಗೊತ್ತಿಲ್ಲದ ವಿಷಯವೂ ಆಗಿರಲಿಲ್ಲ. ಕ್ಯಾಲಿಫೋರ್ನಿಯಾದ ಮತದಾರರು 1996ರಲ್ಲೇ 209ನೇ ಪ್ರಸ್ತಾವವನ್ನು ಒಪ್ಪಿ, ಸರ್ಕಾರಿ ವಿಶ್ವವಿದ್ಯಾಲಯಗಳ ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದನ್ನು ನಿಲ್ಲಿಸಿದ್ದಾರೆ. ಇಡೀ ದೇಶಕ್ಕೆ ಅನ್ವಯಿಸುವಂತೆ 2023ರ ಜೂನ್ 29ರಂದು ಸುಪ್ರೀಂ ಕೋರ್ಟು, ಜನಾಂಗ ನೋಡಿ ಪ್ರವೇಶ ಕೊಡುವುದು ಸಲ್ಲದೆಂದು, ಹಾರ್ವರ್ಡ್ ಮತ್ತು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಗಳ ವಿರುದ್ಧ ತೀರ್ಪು ಕೊಟ್ಟಿತು. ಏಷ್ಯನ್ ಅಭ್ಯರ್ಥಿಗಳಿಗೆ ಅನ್ಯಾಯವಾಗುತ್ತಿದೆ ಎಂಬುದೇ ಹಾರ್ವರ್ಡ್ ಮೊಕದ್ದಮೆಯ ಮುಖ್ಯ ದೂರಾಗಿತ್ತು. ಆ ಆಗಸ್ಟಿನಿಂದ ಕಾಮನ್ ಆ್ಯಪ್ ಕೂಡ, ಆಯ್ಕೆ ಮಾಡುವವರ ಕಣ್ಣಿಗೆ ಬೀಳದಂತೆ ಈ ಉತ್ತರವನ್ನು ಮರೆಮಾಡುವ ಅವಕಾಶವನ್ನು ಕಾಲೇಜುಗಳಿಗೆ ಕೊಟ್ಟಿದೆ. ಆದರೆ ಜನಾಂಗ ತನ್ನ ಬದುಕನ್ನು ಹೇಗೆ ತಟ್ಟಿತು ಎಂದು ಅಭ್ಯರ್ಥಿಯೇ ಬರೆದುಕೊಂಡರೆ ಅದನ್ನು ಓದಿ ಪರಿಗಣಿಸಲು ಅಡ್ಡಿಯಿಲ್ಲವೆಂದು ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಅದೇ ತೀರ್ಪಿನಲ್ಲಿ ಬರೆದಿದ್ದಾರೆ. ಹೀಗಾಗಿ ಮೊದಲು ಚೌಕದಲ್ಲಿದ್ದದ್ದು ಈಗ ಅರ್ಜಿಯ ಜೊತೆ ಬರೆಯುವ 650 ಪದಗಳ ಪ್ರಬಂಧಕ್ಕೆ ಸರಿದಿದೆ, ಮಕ್ಕಳು ತಮ್ಮ ನೋವನ್ನು ಹುಡುಕಿ, ಒಪ್ಪ ಮಾಡಿ ಬಡಿಸಬೇಕಾಗಿದೆ. ನನಗೇನೋ ಇದು ಹಳೆಯದಕ್ಕಿಂತ ಒಳ್ಳೆಯದೆನಿಸುವುದಿಲ್ಲ. ನನ್ನ ಮಗಳು ಮಾತ್ರ ಆ ಗೋಜಿಗೆ ಹೋಗದೆ ಸೈಕಲ್ ರಿಪೇರಿಯ ಬಗ್ಗೆ ಬರೆದಳು.

ಪ್ರವೇಶಕ್ಕೆ ಬಳಸದಿದ್ದರೆ ಈ ಪ್ರಶ್ನೆ ಏಕೆ ಎಂದು ನೀನು ಕೇಳಬಹುದು. ಕಾಲೇಜುಗಳು ಪ್ರತಿ ವರ್ಷ ಕೇಂದ್ರ ಶಿಕ್ಷಣ ಇಲಾಖೆಗೆ ಲೆಕ್ಕ ಒಪ್ಪಿಸಬೇಕು, ಅದಕ್ಕೆ. ಆ ಲೆಕ್ಕದ ನಿಯಮವನ್ನು ಓದಿದ ಮೇಲೆ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಿಸ್ಪಾನಿಕ್ ಅಲ್ಲದ ವಿದ್ಯಾರ್ಥಿ ಎರಡು ಜನಾಂಗಗಳನ್ನು ಟಿಕ್ ಮಾಡಿದರೆ ಅವನನ್ನು ‘ಎರಡು ಅಥವಾ ಹೆಚ್ಚು ಜನಾಂಗ’ ಎಂಬ ಒಂದೇ ಸಾಲಿನಲ್ಲಿ ಎಣಿಸುತ್ತಾರೆ, ಯಾವ ಎರಡು ಎಂಬುದು ಅಲ್ಲಿ ಉಳಿಯುವುದಿಲ್ಲ. ಹಿಸ್ಪಾನಿಕ್ ಹೌದು ಎಂದವರನ್ನಂತೂ, ಮುಂದೆ ಏನನ್ನೇ ಟಿಕ್ ಮಾಡಿರಲಿ, ಹಿಸ್ಪಾನಿಕ್ ಎಂದಷ್ಟೇ ಎಣಿಸುತ್ತಾರೆ. ಅಂದರೆ ನನ್ನ ಮಗಳು ಏಷ್ಯನ್ ಎಂದು ಗುರುತು ಹಾಕಿದರೂ ಬಿಟ್ಟರೂ ಇಲಾಖೆಯ ಕೋಷ್ಟಕಕ್ಕೆ ಒಂದೇ. ತಾಯಿಯ ಅಜ್ಜ ಅಲ್ಲಿ ಉಳಿದುಕೊಂಡರು, ತಂದೆ ಲೆಕ್ಕಕ್ಕೆ ಸಿಗಲಿಲ್ಲ. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಈ ಎರಡು ಪ್ರಶ್ನೆಗಳನ್ನು ಒಂದಾಗಿಸುವ ಹೊಸ ಮಾನದಂಡವನ್ನು ಪ್ರಕಟಿಸಿದೆಯಾದರೂ ಮಗಳ ಮುಂದಿದ್ದದ್ದು ಹಳೆಯ ನಮೂನೆಯೇ.

ಇಂಥ ಮನೆ ನಮ್ಮದೇ ಮೊದಲಲ್ಲ. ಇಲ್ಲಿಂದ ಉತ್ತರಕ್ಕೆ ಒಂದು ಗಂಟೆಯೊಳಗಿನ ದಾರಿಯಲ್ಲಿ ಯೂಬಾ ಸಿಟಿ ಇದೆ. ನೂರು ವರ್ಷಗಳ ಹಿಂದೆ ಅಲ್ಲಿಯೂ, ದಕ್ಷಿಣದ ಇಂಪೀರಿಯಲ್ ಕಣಿವೆಯಲ್ಲಿಯೂ, ಊರಿನಿಂದ ಹೆಂಡಿರನ್ನು ಕರೆಸಿಕೊಳ್ಳಲು ಕಾನೂನು ಬಿಡದಿದ್ದ ಪಂಜಾಬಿ ರೈತರು ಮೆಕ್ಸಿಕನ್ ಹೆಂಗಸರನ್ನು ಮದುವೆಯಾದರು. ಬಿಳಿಯರಿಗೂ ಇತರ ಜನಾಂಗದವರಿಗೂ ನಡುವಿನ ಮದುವೆಗೆ ಕ್ಯಾಲಿಫೋರ್ನಿಯಾದಲ್ಲಿ 1948ರವರೆಗೆ ನಿಷೇಧವಿದ್ದದ್ದರಿಂದ, ಎಷ್ಟೋ ಸಲ ಗುಮಾಸ್ತರು ವಧೂವರರ ಮೈಬಣ್ಣ ನೋಡಿ ಇಬ್ಬರಿಗೂ ‘ಕಂದು’ ಎಂದು ಬರೆದು ಅನುಮತಿ ಕೊಡುತ್ತಿದ್ದರಂತೆ. ಅವರ ಮಕ್ಕಳಿಗೆ ಸ್ಪ್ಯಾನಿಷ್ ಹೆಸರು, ಅದರ ಬೆನ್ನಿಗೆ ಸಿಂಗ್. ನಮ್ಮವರ ಹೆಸರಾದರೂ ಇಲ್ಲಿಯ ಕಾಗದಗಳಲ್ಲಿ ಯಾವಾಗ ನಿಂತಿತ್ತು ಹೇಳು: 1930ರ ಮತ್ತು 1940ರ ಜನಗಣತಿಗಳಲ್ಲಿ ಸಿಖ್ಖರೂ ಮುಸಲ್ಮಾನರೂ ಸೇರಿ ಎಲ್ಲರೂ ‘ಹಿಂದೂ’ ಎಂಬ ಜನಾಂಗ, 1970ರಲ್ಲಿ ಬಿಳಿಯರು, 1980ರಿಂದ ಏಷ್ಯನ್ ಇಂಡಿಯನ್.

ಇದನ್ನೆಲ್ಲ ಮಗಳಿಗೆ ಹೇಳಿ, ಮೊದಲಿನ ಸಲಹೆ ತಪ್ಪೆಂದು ಒಪ್ಪಿಕೊಳ್ಳಲು ನನಗೆ ನಾಲ್ಕು ದಿನ ಬೇಕಾಯಿತು. ಅವಳು ಆ ವೇಳೆಗೆ ತಾನೇ ನಿರ್ಧರಿಸಿದ್ದಳು. ಏಷ್ಯನ್ ಎಂದು ಗುರುತು ಹಾಕಿ, ಅದರ ಕೆಳಗೆ ತೆರೆದುಕೊಂಡ ದೇಶಗಳ ಪಟ್ಟಿಯಲ್ಲಿ ಭಾರತವನ್ನು ಆರಿಸಿದ್ದಳು. ಕಳಿಸುವ ಮುನ್ನ ಒಮ್ಮೆ ನೋಡು ಎಂದು ನನ್ನೆದುರು ಲ್ಯಾಪ್‌ಟಾಪ್ ಇಟ್ಟಾಗ, ಬಲ್ಲ ಭಾಷೆಗಳ ಜಾಗದಲ್ಲಿ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಮಾತ್ರ ಇದ್ದವು. ಮನೆಯಲ್ಲಿ ಆಡುವ ಭಾಷೆಯೆಂದಾದರೂ ಕನ್ನಡವನ್ನು ಸೇರಿಸಬಹುದಿತ್ತಲ್ಲ ಎಂದೆ. ‘ಮನೆಯಲ್ಲಿ ಆಡುವುದು ನೀನೊಬ್ಬನೇ ಅಪ್ಪ, ಅದೂ ಫೋನಿನಲ್ಲಿ’ ಎಂದಳು. ಆ ಜಾಗ ಹಾಗೆಯೇ ಇರಲೆಂದು ಅರ್ಜಿಯನ್ನು ಕಳಿಸಿದೆವು.

ನಾಡಕಚೇರಿಯಲ್ಲಿ ನೀವು ಕಡೆಗೆ ಏನೆಂದು ಬರೆಸಿದಿರಿ? ಮಗನನ್ನು ಕೇಳಿಯೇ ಬರೆಸಿದಿರೋ? ತಿಳಿಸು. ಅತ್ತಿಗೆಗೆ ನನ್ನ ನಮಸ್ಕಾರ.

ಇತಿ ನಿನ್ನ,
ರಮೇಶ