ಸ್ಟುಡಿಯೊದ ಆ ಹುಡುಗಿಗೆ

ಇಳಕಲ್ ಸೀರೆಗಳ ನಮ್ಮ ಆನ್‌ಲೈನ್ ಅಂಗಡಿ ದೀಪಾವಳಿಗೆ ಮೊದಲು ತೆರೆಯಬೇಕಿತ್ತು. ಹಣ ಪಡೆದ ವಿನ್ಯಾಸಕಾರರು ಫೋನ್ ಎತ್ತುತ್ತಿರಲಿಲ್ಲ. ಅವರು ಬಿಟ್ಟುಹೋದ ಪುಟದಲ್ಲಿ ಮಿನುಗುವ ಪಟ್ಟಿಗಳು, ಹಾರುವ ಹೂಗಳು. ಸೀರೆ ಎಲ್ಲಿದೆ ಎಂದು ಹುಡುಕಬೇಕು. ತೋಪು ತೆನೆ ಎಂಬ ಇಳಕಲ್‌ನ ಸಾಂಪ್ರದಾಯಿಕ ವಿನ್ಯಾಸದ ಸೆರಗಿನ ಕೆಂಪು ಪರದೆಯ ಮೇಲೆ ಕಿತ್ತಳೆಯಾಗಿ ಕಾಣುತ್ತಿತ್ತು.

ಹುಬ್ಬಳ್ಳಿಯ ಸ್ಟುಡಿಯೊಂದಕ್ಕೆ ಪಾಸ್‌ಪೋರ್ಟ್ ಅಳತೆಯ ಫೋಟೊಗೆಂದು ಹೋಗಿದ್ದೆ. ಕಾಯುತ್ತಾ ತಮ್ಮನ ಜೊತೆ ಫೋನಿನಲ್ಲಿ ಗೊಣಗುತ್ತಿದ್ದುದು ಅಲ್ಲಿ ಕೆಲಸ ಮಾಡುವ ಹುಡುಗಿಗೆ ಕೇಳಿಸಿತು. "ಸೀರೆ ಚೀಲದಲ್ಲಿದೆಯೇ?" ಎಂದಷ್ಟೇ ಕೇಳಿದಳು.

ಟ್ಯೂಬ್‌ಲೈಟ್ ಆರಿಸಿ, ಸೀರೆಯನ್ನು ಕಿಟಕಿಯ ಬಳಿ ಹರಡಿದಳು. ಪಕ್ಕದಲ್ಲಿ ಬಿಳಿ ಹಾಳೆಯಿಟ್ಟು, ಅದು ಬಿಳಿಯಾಗಿಯೇ ಕಾಣುವವರೆಗೆ ಕ್ಯಾಮೆರಾ ಹೊಂದಿಸಿದಳು. ಮೊದಲು ಪೂರ್ತಿ ಸೀರೆ, ನಂತರ ಸೆರಗು, ಅಂಚು. ಕೊನೆಗೆ ಒಡಲಿನ ಹಾಸುನೂಲಿಗೆ, ಅಂದರೆ ಉದ್ದದ ಎಳೆಗಳಿಗೆ, ಸೆರಗಿನ ರೇಷ್ಮೆಯನ್ನು ಬೆಸೆಯುವ ಕೊಂಡಿಯ ಜಾಗ. ಅದನ್ನು ತೋರಿಸಬೇಕೆಂದು ನನಗೇ ಹೊಳೆದಿರಲಿಲ್ಲ! ಚಿತ್ರ ತೆಗೆಯುವ ಮುನ್ನ ಪ್ರತಿ ಸಲವೂ ಅಂಗೈ ಒರೆಸಿಕೊಂಡು ಮಡಿಕೆ ಸರಿಪಡಿಸುತ್ತಿದ್ದಳು.

ಆಮೇಲೆ ನನ್ನ ಮೊಬೈಲಿನಲ್ಲಿ ಪುಟ ತೆರೆಸಿ ಹಾರುವ ಹೂಗಳನ್ನೆಲ್ಲ ತೆಗೆಸಿದಳು. ಹಿನ್ನೆಲೆ ಬಿಳಿ, ಕೊಳ್ಳಲು ಒತ್ತುವ ಗುಂಡಿಗೆ ಮಾತ್ರ ಸೆರಗಿನ ಕೆಂಪು, ಬೆಲೆ ಚಿತ್ರದ ಕೆಳಗೇ. ದುರ್ಬಲ ನೆಟ್‌ವರ್ಕ್‌ನಲ್ಲೂ ಬೇಗ ತೆರೆಯಲೆಂದು ಚಿತ್ರಗಳ ಗಾತ್ರ ಕುಗ್ಗಿಸಿಕೊಟ್ಟಳು. ಎದೆ ಹಗುರಾಯಿತು, ಹಸಿವೂ ಆಯಿತು.

ಹಣ ಕೊಡಹೋದರೆ ಪಾಸ್‌ಪೋರ್ಟ್ ಫೋಟೊದ ದುಡ್ಡನ್ನಷ್ಟೇ ಎಣಿಸಿಕೊಂಡು, ಮುಂದಿನ ಗಿರಾಕಿಯನ್ನು ಕರೆದಳು. ಹಬ್ಬದ ಸೀರೆಗಳೆಲ್ಲ ಹೋದವು ತಾಯಿ, ಬಣ್ಣ ಬೇರೆಯೆಂದು ಒಂದೂ ಮರಳಿ ಬರಲಿಲ್ಲ. ಧನ್ಯವಾದ.