ಅಭ್ಯಾಸ ಆಗೋಯ್ತು ಅಂತ ಬರ್ದಿದೀಯಲ್ಲ ಪುಟ್ಟಿ

ಪುಟ್ಟಿ,

ಮನೆ ವಿಷ್ಯ ಎಲ್ಲ ನಿಮ್ಮಮ್ಮ ಫೋನಲ್ಲಿ ಹೇಳಿರ್ತಾಳೆ, ನಾನು ಮತ್ತೆ ಬರೆಯಲ್ಲ. ನಿನ್ನ ಮೇಲ್‌ನಲ್ಲಿ ಒಂದು ಸಾಲು ಇತ್ತಲ್ಲ, "ದೊಡ್ಡಪ್ಪ, ಯುದ್ಧಕಾಲದಲ್ಲಿ ಸತ್ತೋರ ಆ ಸ್ಮಾರಕದ ಮುಂದೇನೇ ದಿನಾ ಡ್ಯೂಟಿಗೆ ಹೋಗ್ತೀನಿ, ಅಭ್ಯಾಸ ಆಗೋಯ್ತು, ಈಗ ಏನೂ ಅನ್ಸಲ್ಲ, ಕಲ್ಲಾಗೋಗ್ತೀನಾ ಅಂತ ಭಯ" ಅಂತ, ಅದನ್ನ ಓದಿದ್ಮೇಲೆ ಎರಡು ರಾತ್ರಿ ನಿದ್ದೆ ಬರ್ಲಿಲ್ಲ.

ಪೋಲೆಂಡಿನ ನಿಮ್ಮ ಸ್ಕಾರ್ಜಿಸ್ಕೊ-ಕಮಿಯೆನ್ನಾ ಊರಿನ ಬಗ್ಗೆ ನಾನೂ ಕೂತು ಓದಿದೆ. ಕಮಿಯೆನ್ನಾ ನದಿ, ಸುತ್ತ ಕಾಡು, 1885ರಲ್ಲಿ ಬಂದ ರೈಲು, ಆಮೇಲೆ ವಾರ್ಸಾ-ಕ್ರಾಕೋವ್ ಲೈನೂ ಊಚ್ ಕಡೆ ಲೈನೂ ಸೇರೋ ಜಂಕ್ಷನ್ನು. 1920ರ ದಶಕದಲ್ಲಿ ಪೋಲೆಂಡ್ ಸರ್ಕಾರ ಅಲ್ಲಿ ಮದ್ದುಗುಂಡಿನ ಫ್ಯಾಕ್ಟರಿ ಕಟ್ತು, 1939ರಲ್ಲಿ ಜರ್ಮನ್ನರು ಬಂದು ಅದನ್ನೇ ಹಿಡ್ಕೊಂಡು ಜರ್ಮನಿಯ ಲೈಪ್‌ಜಿಗ್‌ನ ಹಸಾಗ್ ಅನ್ನೋ ಮದ್ದುಗುಂಡಿನ ಕಂಪನಿ ಕೈಗೆ ಕೊಟ್ರು. 1940ರ ಜೂನ್‌ನಲ್ಲಿ ಬ್ಜಾಸ್ಕ್ ಕಾಡಲ್ಲಿ ಸುಮಾರು 760 ಜನರನ್ನ ಗುಂಡಿಟ್ಟು ಕೊಂದ್ರು. 1942ರಿಂದ 44ರವರೆಗೆ ಫ್ಯಾಕ್ಟರಿಲಿ ಬಲವಂತವಾಗಿ ದುಡಿಸೋಕೆ ಯಹೂದಿಗಳ ಕ್ಯಾಂಪು. ಫ್ಯಾಕ್ಟರಿಯ ಸಿ ವಿಭಾಗದಲ್ಲಿ ಪಿಕ್ರಿಕ್ ಆಸಿಡ್ ಅನ್ನೋ ಸಿಡಿಮದ್ದು ತುಂಬೋ ಕೆಲ್ಸ, ಮೈ, ಕೂದಲು ಎಲ್ಲ ಹಳದಿಯಾಗ್ತಿತ್ತಂತೆ, ಬಟ್ಟೆ ಹರ್ದೋದ್ರೆ ಕಾಗದದ ಚೀಲ ಸುತ್ಕೊಂಡು ಕೆಲ್ಸ ಮಾಡ್ತಿದ್ರಂತೆ. ಅದನ್ನ ಓದಿ ನನ್ನ ಕೈ ನೋಡ್ಕೊಂಡೆ ನೋಡು.

ಕಲ್ಲಾಗೋದು ಅಂದ್ಯಲ್ಲ. ನನಗೆ ಅದು ಗೊತ್ತು ಪುಟ್ಟಿ. ಅರಸೀಕೆರೆ ರೈಲ್ವೆ ಯಾರ್ಡಿನ ಪಕ್ಕದ ಕ್ವಾರ್ಟರ್ಸಲ್ಲಿ ಇದ್ದಾಗ ರಾತ್ರಿ ಶಂಟಿಂಗ್ ಸದ್ದಿಗೆ ನಿಮ್ಮ ದೊಡ್ಡಮ್ಮ ಬೆಚ್ಚಿ ಏಳೋಳು, ಕಿವಿಗೆ ಹತ್ತಿ ಇಟ್ಕೊಂಡು ಗೋಡೆ ಕಡೆ ತಿರುಗಿ ಮಲಗೋಳು, ನಾನು "ಅಭ್ಯಾಸ ಆಗುತ್ತೆ ಬಿಡೇ" ಅಂತ ಹೇಳಿ ಗೊರಕೆ ಹೊಡೀತಿದ್ದೆ. ಹನ್ನೊಂದು ವರ್ಷ. ಅವಳಿಗೆ ಅಭ್ಯಾಸ ಆಗ್ಲೇ ಇಲ್ಲ, ನನಗೆ ಅವಳು ಎದ್ದು ಕೂತಿರೋದೇ ಅಭ್ಯಾಸ ಆಗೋಯ್ತು. ಈಗ ಕೇಳೋಣ ಅಂದ್ರೆ ಅವಳೇ ಇಲ್ಲ.

ಅದಕ್ಕೇ ನಿಂಗೆ ಅಭ್ಯಾಸ ಆಗುತ್ತೆ ಅಂತ ನಾನಂತೂ ಹೇಳಲ್ಲ. ಏನೂ ಅನ್ಸಲ್ಲ ಅಂತ ಭಯ ಪಡ್ತಿದೀಯ, ನಂಗೆ ಆ ಭಯಾನೂ ಇರ್ಲಿಲ್ಲ ಕಣಮ್ಮ. ಆದ್ರೆ ವಾರಕ್ಕೊಂದಿನ ಅಲ್ಲಿ ಎರಡು ನಿಮಿಷ ನಿಂತ್ಕೊ, ಡ್ಯೂಟಿಗೆ ಲೇಟ್ ಆಗೋ ಹಾಗಿದ್ರೆ ಬೇಡ. ಚಳಿಗಾಲದಲ್ಲಿ ಬೇಗ ಕತ್ತಲಾಗುತ್ತೆ, ಕಾಡು ದಾರಿ ಬಿಟ್ಟು ಬಸ್ ಹಿಡಿ. ದೂರ ಕೂತ್ಕೊಂಡು ಇದನ್ನೆಲ್ಲ ಹೇಳೋದು ಸುಲಭ, ಬೇಜಾರ್ ಮಾಡ್ಕೋಬೇಡ.

ರಾತ್ರಿ ಗೂಡ್ಸ್ ಎಷ್ಟೊತ್ತಿಗೆ ಹೋಗುತ್ತೆ ಅಂತ ಬರಿ. ಒಂದು ಗಂಟೆ ಅಂದ್ರೆ ಇಲ್ಲಿ ಬೆಳಗಿನ ಜಾವ, ನಾನು ಎದ್ದೇ ಇರ್ತೀನಿ, ಫೋನ್ ಮಾಡು.

ನಿನ್ನ ದೊಡ್ಡಪ್ಪ